ಅರ್ಧ ದಾರಿ ನಿನ್ನದು

ಬಸ್ಸಿನ ಮೆಟ್ಟಿಲಿಗೆ ಟೇಪು ಹಿಡಿದು ಅಳತೆ ತೆಗೆಯುವ ಹೆಂಗಸನ್ನು ಆ ಕಂಡಕ್ಟರು ತನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ. ಹತ್ತುವವರೆಲ್ಲ ಹತ್ತಿ ಆಗಿತ್ತು. ಇನ್ನೇನು ಸೀಟಿ ಊದಬೇಕು, ಅಷ್ಟರಲ್ಲಿ ಎಪ್ಪತ್ತು ದಾಟಿದ ಈ ಮುದುಕಿ ಕೊರಳಲ್ಲಿದ್ದ ಟೈಲರ್ ಟೇಪು ತೆಗೆದು, ಒಂದು ತುದಿಯನ್ನು ಚಪ್ಪಲಿಯಿಂದ ರಸ್ತೆಗೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಮೆಟ್ಟಿಲ ಅಂಚಿಗೆ ಎಳೆದು, ಕನ್ನಡಕ ಸರಿಮಾಡಿಕೊಂಡು ನೋಡತೊಡಗಿದಳು.

"ಏನಜ್ಜೀ, ಬಸ್ಸಿಗೆ ಪ್ಯಾಂಟು ಹೊಲೀತೀರಾ?"

"ಹೊಲೀಬೋದಪ್ಪಾ. ಆದ್ರೆ ಕಾಲು ಸಿಕ್ಕಾಪಟ್ಟೆ ಉದ್ದ ನಿನ್ನ ಬಸ್ಸಿಗೆ. ಇಷ್ಟೆತ್ತರ ಮೆಟ್ಟಿಲು ಇಟ್ಟವನ ಅಮ್ಮನಿಗೆ ಮಂಡೀನೇ ಇರ್ಲಿಲ್ವಾ?"

ಒಳಗಿದ್ದವರು ಕಿಟಕಿಯಿಂದ ತಲೆ ಹಾಕಿ ನಕ್ಕರು. ಮುದುಕಿ ನಗಲಿಲ್ಲ. ಅಳತೆಯನ್ನು ಇನ್ನೊಮ್ಮೆ ನೋಡಿ, ಬಾಯಲ್ಲೇ ಹೇಳಿಕೊಂಡು, ಟೇಪನ್ನು ಕೊರಳಿಗೆ ಹಾಕಿಕೊಂಡು, ಬಂದ ಕೆಲಸ ಮುಗಿಯಿತು ಎಂಬಂತೆ ಕುಂಟುತ್ತ ಮನೆ ಕಡೆ ಹೊರಟಳು.

ಬೀದಿಯವರಿಗೆಲ್ಲ ಅವಳು ಗುಂಡಿಯಮ್ಮ. ಶರ್ಟು ಹೊಲಿಯುವ ಕಾರ್ಖಾನೆಯಲ್ಲಿ ಮದುವೆಗೆ ಮುಂಚಿನಿಂದ ಹಿಡಿದು ಮಗನಿಗೆ ಮದುವೆಯಾಗುವ ತನಕ ಅವಳು ಮಾಡಿದ್ದು ಒಂದೇ ಕೆಲಸ, ಗುಂಡಿ ತೂರುವ ಕಾಜಾ ಹೊಡೆಯುವುದು ಮತ್ತು ಗುಂಡಿ ಹಚ್ಚುವುದು. ಈಗ ಮನೆಯ ಮುಂದಿನ ಕೋಣೆಯಲ್ಲಿ ಒಂದು ಹಳೇ ಮಷೀನು ಇಟ್ಟುಕೊಂಡು ಬೀದಿಯವರ ಪ್ಯಾಂಟು ಕಿರಿದು ಮಾಡುವುದು, ಜಿಪ್ಪು ಬದಲಿಸುವುದು ಮಾಡುತ್ತಾಳೆ. ಯಾರ ಜೊತೆ ಮಾತಾಡಿದರೂ ಅವಳ ಕಣ್ಣು ಮೊದಲು ಹೋಗುವುದು ಅವರ ಅಂಗಿಯ ಗುಂಡಿಗಳ ಮೇಲೆ. ಡಾಕ್ಟರ ಎದುರು ಕೂತಾಗಲೂ ಅಷ್ಟೇ. ಮಂಡಿಯ ಎಕ್ಸ್‌ರೇ ಹಿಡಿದು ಅವರು, "ಇನ್ಮೇಲೆ ಬಸ್ಸು ಗಿಸ್ಸು ಹತ್ತೋದು ಬಿಟ್ಟುಬಿಡಿ" ಎಂದು ಗಂಭೀರವಾಗಿ ಹೇಳುತ್ತಿದ್ದರೆ, ಇವಳು, "ನಿಮ್ಮ ಎರಡನೇ ಗುಂಡಿ ಸಡಿಲಾಗಿದೆ ಡಾಕ್ಟ್ರೇ, ಬಿಚ್ಚಿಕೊಡಿ, ಈಗ್ಲೇ ಹಾಕ್ಕೊಡ್ತೀನಿ" ಎಂದಿದ್ದಳು. ಬಸ್ಸಿನ ಮಾತನ್ನು ಕಿವಿಗೇ ಹಾಕಿಕೊಂಡಿರಲಿಲ್ಲ.

ಮೆಟ್ಟಿಲು ಅಳೆದದ್ದು ಅಕ್ಕನಿಗಾಗಿ.

ಅಕ್ಕ ಇರುವುದು ಬೆಳಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಇಳಿಯುವಷ್ಟು ದೂರದ ಊರಲ್ಲಿ. ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಊರವರ ಟ್ರಂಕ್ ಕಾಲುಗಳನ್ನೆಲ್ಲ ಜೋಡಿಸಿ, ಹೊತ್ತು ಮೀರಿದ ಕೂಡಲೇ ಕತ್ತರಿಸಿ ಹಾಕಿ ಅಭ್ಯಾಸವಾಗಿ, ಸ್ವಂತ ತಂಗಿಯ ಜೊತೆ ಮಾತಾಡುವಾಗಲೂ ಈಗಲೋ ಆಗಲೋ ಲೈನು ಕಟ್ಟಾಗುತ್ತದೆ ಎನ್ನುವ ಹಾಗೇ ಮಾತಾಡುತ್ತಾಳೆ. ಹೇಳುವುದು ಮುಗಿದರೆ ಸರಿ, ಟಕ್ಕನೆ ಇಟ್ಟುಬಿಡುತ್ತಾಳೆ. ಇಟ್ಟೆ ಅಂತಲೂ ಹೇಳುವುದಿಲ್ಲ.

ಇಬ್ಬರಿಗೂ ಮದುವೆಯಾದ ಹೊಸದರಲ್ಲಿ ಇಬ್ಬರಿಗೂ ವಾರಕ್ಕೊಂದೇ ರಜೆ. ಅತ್ತೆಯಂದಿರೂ ಅಂಥವರೇ ಸಿಕ್ಕಿದ್ದರು. ಒಂದು ರಾತ್ರಿ ಅಕ್ಕನ ಮನೆಯಲ್ಲಿ ಉಳಿದು ಬರುತ್ತೇನೆ, ತಂಗಿಯ ಮನೆಯಲ್ಲಿ ಉಳಿದು ಬರುತ್ತೇನೆ ಎಂದು ಬಾಯಿ ತೆರೆದರೆ ಸಾಕು, ಆ ಇಬ್ಬರು ಹೆಂಗಸರು, ಒಬ್ಬರನ್ನೊಬ್ಬರು ಸರಿಯಾಗಿ ಕಂಡವರೂ ಅಲ್ಲ, ಮೊದಲೇ ಮಾತಾಡಿಕೊಂಡವರ ಹಾಗೆ ಒಂದೇ ಥರ ಮುಖ ಊದಿಸುತ್ತಿದ್ದರು. ಆಗ ಉಪಾಯ ಹುಡುಕಿದ್ದು ಅಕ್ಕ.

"ಅರ್ಧ ದಾರಿ ನೀನು ಬಾ, ಅರ್ಧ ದಾರಿ ನಾನು ಬರ್ತೀನಿ. ಸಂಜೆಗೆ ನೀನು ನಿನ್ನ ಮನೆ, ನಾನು ನನ್ನ ಮನೆ. ಯಾವ ಅತ್ತೆ ಏನಂತಾರೆ ನೋಡೇಬಿಡೋಣ."

ಹಾಗೆ ಶುರುವಾಯಿತು. ಎರಡೂ ಊರಿನ ನಡುವೆ ಒಂದು ಊರು, ಆ ಊರಿಗೊಂದು ಬಸ್ ನಿಲ್ದಾಣ. ಊರು ಹೇಗಿದೆ ಎಂದು ಇವರಿಬ್ಬರಿಗೂ ಇವತ್ತಿಗೂ ಗೊತ್ತಿಲ್ಲ. ನಿಲ್ದಾಣ ಮಾತ್ರ ಚೆನ್ನಾಗಿ ಗೊತ್ತು. ಇಬ್ಬರ ರಜೆಯೂ ಹೊಂದಿಬಂದ ಭಾನುವಾರ ಎರಡು ಕಡೆಯಿಂದ ಎರಡು ಬಸ್ಸು ಬರುತ್ತಿದ್ದವು, ಒಂದರಿಂದ ಅಕ್ಕ ಇಳಿಯುತ್ತಿದ್ದಳು, ಇನ್ನೊಂದರಿಂದ ತಂಗಿ. ಕ್ಯಾಂಟೀನಿನ ಪಕ್ಕದ ಬೆಂಚಿನ ಮೇಲೆ ಕೂತು ಬುತ್ತಿ ಬಿಚ್ಚಿದರೆ ಸಂಜೆಯ ಬಸ್ಸಿನ ತನಕ ಬಾಯಿಗೆ ಬಿಡುವಿಲ್ಲ. ಗಂಡಂದಿರ ದೂರು, ಅತ್ತೆಯಂದಿರ ದೂರು, ಕಾರ್ಖಾನೆಯ ಸೂಪರ್‌ವೈಸರನ ದೂರು, ಎಲ್ಲ ಅಲ್ಲೇ ಸುರಿದು ಹಗುರಾಗಿ ಹೋಗುತ್ತಿದ್ದರು. ಮನೆಗೆ ಬಂದ ಸೊಸೆ ನಗುನಗುತ್ತ ಪಾತ್ರೆ ತೊಳೆಯುವುದನ್ನು ಕಂಡು ಅತ್ತೆಯಂದಿರಿಗೆ ಇನ್ನಷ್ಟು ಸಂಶಯ.

ಆ ನಿಲ್ದಾಣದ ಕೊನೆಯ ಅಂಕಣದಲ್ಲಿ ಒಂದು ಬಸ್ಸು ನಿಲ್ಲುತ್ತಿತ್ತು, ಸಮುದ್ರದ ಊರಿಗೆ ಹೋಗುವುದು. ಇಬ್ಬರೂ ಸಮುದ್ರ ಕಂಡವರಲ್ಲ. ಆ ವಯಸ್ಸಿನಲ್ಲಿ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ, ಎಲ್ಲ ಬಸ್ಸಿನ ಬೋರ್ಡೂ ತಮ್ಮನ್ನೇ ಕರೆದಂತೆ ಕಾಣುತ್ತಿತ್ತು. "ಒಂದಿನ ಸುಮ್ನೆ ಹತ್ತಿಬಿಡೋಣ ಕಣೇ, ಆಮೇಲೆ ಏನಾಗುತ್ತೋ ಆಗ್ಲಿ" ಎನ್ನುತ್ತಿದ್ದಳು ಅಕ್ಕ. ಒಮ್ಮೆ ನಿಜವಾಗಿಯೂ ಹತ್ತಿ ಕೂತರು. ಕಿಟಕಿ ಪಕ್ಕ ಯಾರು ಎಂದು ಜಗಳವಾಡಿದರು. ಡ್ರೈವರು ಇಂಜಿನು ಶುರುಮಾಡಿದಾಗ ಮನೆಯಲ್ಲಿ ಬಿಟ್ಟುಬಂದ ಕೂಸು ನೆನಪಾಗಿ ಗುಂಡಿಯಮ್ಮ ಎದ್ದಳು, ಅವಳು ಎದ್ದದ್ದು ನೋಡಿ ಅಕ್ಕನೂ ಎದ್ದಳು, ಇಬ್ಬರೂ ಹೊರಡುತ್ತಿದ್ದ ಬಸ್ಸಿನಿಂದ ಹಾರಿ ಇಳಿದು ಹೊಟ್ಟೆ ಹಿಡಿದುಕೊಂಡು ನಕ್ಕರು. ಹಾರಿ ಇಳಿದರು! ಈಗ ಆ ಮಾತು ಹೇಳಿದರೆ ಅವಳ ಮೊಮ್ಮಗಳು ನಂಬುವುದಿಲ್ಲ.

ಆಮೇಲೆ ಅತ್ತೆಯಂದಿರು ಹೋದರು, ಮಕ್ಕಳು ಬೆಳೆದರು, ರಜೆ ಕೇಳಿದರೆ ಸಿಗುವ ಕಾಲ ಬಂತು. ತಮಾಷೆ ನೋಡಿ, ಆಗ ಸಮುದ್ರದ ಬಸ್ಸಿನ ಕಡೆ ಇಬ್ಬರೂ ತಿರುಗಿಯೂ ನೋಡಲಿಲ್ಲ. ಮಗಳ ಪರೀಕ್ಷೆ, ಮಗನ ಕೆಲಸ, ಭಾವನ ಸಕ್ಕರೆ ಕಾಯಿಲೆ. ಬಸ್ಸಿಳಿದ ಕೂಡಲೇ ಬೆಂಚಿಗೆ ಬಂದು ಕೂತು, ಚಪ್ಪಲಿ ಬಿಟ್ಟು ಕಾಲು ಚಾಚಿ, "ಅಬ್ಬಾ, ಇಲ್ಲಿ ಯಾರೂ ನಮ್ಮನ್ನ ಕರಿಯಲ್ಲ" ಎಂದು ಉಸಿರು ಬಿಡುವುದೇ ದೊಡ್ಡ ಪ್ರವಾಸ. ಸಮುದ್ರ ಎಲ್ಲಿ ಓಡಿಹೋಗುತ್ತದೆ, ಇನ್ನೊಂದು ವರ್ಷ ನೋಡಿದರಾಯಿತು ಎನ್ನುತ್ತಿದ್ದರು.

ಅರವತ್ತಾಗಿ, ಇಬ್ಬರೂ ಗಂಡಂದಿರನ್ನು ಕಳೆದುಕೊಂಡು, ಇಬ್ಬರಿಗೂ ಕೆಲಸದಿಂದ ಬಿಡುಗಡೆಯಾದ ಮೇಲೆ, ಕೊನೆಗೂ ಒಂದು ಸಲ ಆ ಬಸ್ಸು ಹತ್ತಿದರು. ಹೋದರು, ನೋಡಿದರು. ಗಾಳಿ ಮುಖಕ್ಕೆ ಹೊಡೆದು ಕಣ್ಣಿಗೆ ಮರಳು ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ಇಬ್ಬರೂ ಸಮುದ್ರಕ್ಕೆ ಬೆನ್ನು ಹಾಕಿ ಕೂತು, ಸೆರಗು ತಲೆಗೆ ಸುತ್ತಿಕೊಂಡು, ಅಕ್ಕನ ಮಗಳ ಸಂಬಂಧದ ವಿಷಯ ಮಾತಾಡುತ್ತಿದ್ದರು. ವಾಪಸು ಬರುವಾಗ ಅಕ್ಕ ಹೇಳಿದಳು, "ನೀರು ಜಾಸ್ತಿ ಆಯ್ತು ಕಣೇ. ನಮ್ಮ ಬೆಂಚೇ ಚೆನ್ನಾಗಿತ್ತು."

ಅವತ್ತು ಗುಂಡಿಯಮ್ಮನಿಗೆ ಒಂದು ಸಂಗತಿ ಸ್ಪಷ್ಟವಾಯಿತು. ಇಷ್ಟು ವರ್ಷ ತಾನು ಹೋಗಬೇಕು ಹೋಗಬೇಕು ಎಂದು ಬಾಯಿ ಬಾಯಿ ಬಿಟ್ಟದ್ದು ಯಾವ ಊರಿಗೂ ಅಲ್ಲ. ಅಕ್ಕನ ಹತ್ತಿರ ಹೋಗುವುದಕ್ಕೆ.

ಆಸೆ ಹೀಗೆ ಒಂದೇ ಕಡೆ ಬಂದು ನಿಲ್ಲುವ ಹೊತ್ತಿಗೆ ಮೈ ಕೈಕೊಟ್ಟಿತು. ತಂಗಿಗೆ ಮಂಡಿ, ಆಮೇಲೆ ಕಣ್ಣಿನ ಪೊರೆ, ಆಮೇಲೆ ಯಾರಿಗೂ ಹೇಳಿಕೊಳ್ಳಲಾಗದ ಇನ್ನೊಂದು ತೊಂದರೆ, ಒಂದು ಲೋಟ ನೀರು ಕುಡಿದರೆ ಒಂದು ಬಸ್ ಸ್ಟಾಪಿನಷ್ಟು ದೂರವೂ ತಡೆಯಲಾಗದು. ಅಕ್ಕನಿಗೆ ಪಾರ್ಶ್ವವಾಯು ಹೊಡೆದು ಎಡಗಾಲು, ಎಡಗೈ ಅರ್ಧ ಸತ್ತವು. ಆದರೂ ಅಕ್ಕ ಒಂದು ಸಲ ಮಗಳನ್ನು ಜೊತೆ ಮಾಡಿಕೊಂಡು ನಡುದಾರಿಗೆ ಬಂದಳು. ಅಲ್ಲಿ ಬಸ್ಸಿನಿಂದ ಇಳಿಯಲಾಗದೆ ನಿಂತಾಗ ಕಂಡಕ್ಟರು ಮತ್ತು ಯಾರೋ ಒಬ್ಬ ಗಂಡಸು ಸೇರಿ ಅವಳನ್ನು ಅನಾಮತ್ತಾಗಿ ಎತ್ತಿ ಕೆಳಗಿಟ್ಟರು. ಜನ ನೋಡಿದರು. ಅಕ್ಕನ ಮುಖ ಕಪ್ಪಿಟ್ಟಿತು. ಆ ದಿನ ಪೂರ್ತಿ ಅವಳು ಸರಿಯಾಗಿ ಮಾತಾಡಲಿಲ್ಲ, ತಂದ ಬುತ್ತಿಯನ್ನೂ ಮುಟ್ಟಲಿಲ್ಲ.

"ಇದೇ ಕೊನೆ" ಎಂದಳು ಸಂಜೆ. "ನನ್ನ ಅರ್ಧ ನನ್ನ ಕೈಲಿ ಬರೋಕಾಗಲ್ಲ. ಅಂದ್ಮೇಲೆ ನೀನು ಪೂರ್ತಿ ಬರೋದೂ ಬೇಡ."

"ಬಂದ್ರೆ ಏನಾಗುತ್ತೆ?"

"ಬಂದ್ರೆ ಬಾಗಿಲು ತೆಗಿಯಲ್ಲ."

ಅಕ್ಕ ಬಾಯಲ್ಲಿ ಅಂದದ್ದನ್ನು ಮಾಡುವ ಪೈಕಿ. ಒಮ್ಮೆ ಭಾವ ಅವಳ ಅಡುಗೆಗೆ ಹೆಸರಿಟ್ಟ ಎಂದು ವರ್ಷವಿಡೀ ಅವನಿಗೆ ಬರೀ ಬ್ರೆಡ್ಡು ಮುಂದಿಟ್ಟವಳು. ಗುಂಡಿಯಮ್ಮ ತನ್ನ ಬಸ್ಸು ಹತ್ತಿದಳು. ಆಮೇಲೆ ಎರಡು ವರ್ಷ ಇಬ್ಬರೂ ಮುಖ ನೋಡಲಿಲ್ಲ.

ಫೋನು ಇತ್ತಲ್ಲ ಎನ್ನಬೇಡಿ. ಮಗ ವಿಡಿಯೋ ಕಾಲು ಹಚ್ಚಿಕೊಡುತ್ತಿದ್ದ, ಆದರೆ ಅಕ್ಕನಿಗೆ ಫೋನೆಂದರೆ ಕಿವಿಗೆ ಹಿಡಿಯುವ ವಸ್ತು. ಎಷ್ಟು ಹೇಳಿದರೂ ಕಿವಿಗೇ ಹಿಡಿಯುತ್ತಿದ್ದಳು. ಪರದೆಯ ಮೇಲೆ ಅಕ್ಕನ ಕಿವಿಯೊಂದು ಬಂದು ಕೂರುತ್ತಿತ್ತು. ಗುಂಡಿಯಮ್ಮ ಎರಡು ವರ್ಷ ಆ ಕಿವಿಯ ಜೊತೆ ಮಾತಾಡಿದಳು.

ಒಂದು ದಿನ ಆ ಕಿವಿ ಎಂದಿನಂತೆ ಅವಸರ ಮಾಡಲಿಲ್ಲ. ಅಕ್ಕ ಹೇಳಿದಳು, "ನಿನ್ನೆ ಮಲಗಿದಲ್ಲೇ ನಿನ್ನ ಮುಖ ನೆನಪು ಮಾಡ್ಕೋತಿದ್ದೆ ಕಣೇ. ಎರಡು ಜಡೆ ಹಾಕಿದ್ದ ಮುಖ ಬರುತ್ತೆ, ಮದುವೇಲಿ ಅತ್ತ ಮುಖ ಬರುತ್ತೆ. ಈಗಿನ ಮುಖ ಬರೋದೇ ಇಲ್ಲ." ಇಷ್ಟು ಹೇಳಿ ಟಕ್ಕನೆ ಇಟ್ಟುಬಿಟ್ಟಳು.

ಗುಂಡಿಯಮ್ಮ ಮಷೀನಿನ ಮುಂದೆ ಕೂತು ಬಹಳ ಹೊತ್ತು ಅತ್ತಳು. ಅತ್ತು ಮುಗಿದ ಮೇಲೆ ಮುಖ ತೊಳೆದುಕೊಂಡಳು. ಅಕ್ಕನ ಬಾಗಿಲು ತೆರೆಯಲಿ ಬಿಡಲಿ, ಈಗಿನ ಮುಖ ತೆಗೆದುಕೊಂಡು ಹೋಗಿ ತೋರಿಸಿಯೇ ಸೈ ಎಂದು ತೀರ್ಮಾನಿಸಿದಳು. ಮರುದಿನ ಬೆಳಗ್ಗೆ ಟೇಪು ಹಿಡಿದು ಬಸ್ ಸ್ಟಾಪಿಗೆ ಹೋದದ್ದು ಅದಕ್ಕೇ.

ಬಟ್ಟೆಯಾದರೂ ಅಷ್ಟೇ, ಬಸ್ಸಾದರೂ ಅಷ್ಟೇ, ಅಳತೆ ಸಿಕ್ಕಿದ ಮೇಲೆ ಅರ್ಧ ಕೆಲಸ ಮುಗಿದ ಹಾಗೆ ಎಂದು ಅವಳ ಲೆಕ್ಕ. ಮನೆಗೆ ಬಂದವಳೇ ಮಷೀನಿನ ಸ್ಟೂಲನ್ನು ಕಿಟಕಿಯ ಬಳಿ ಎಳೆದು, ಅದರ ಮೇಲೆ ಹಲಗೆಗಳನ್ನು ಪೇರಿಸಿ, ಟೇಪು ಹಿಡಿದು ಬಸ್ಸಿನ ಮೆಟ್ಟಿಲಿನಷ್ಟೇ ಎತ್ತರ ಮಾಡಿದಳು. ಕಿಟಕಿಯ ಸರಳು ಹಿಡಿದು ಕಾಲೆತ್ತಿದರೆ ಕಾಲು ಮೇಲೆ ಬರುವುದೇ ಇಲ್ಲ. ಮೊದಲ ದಿನ ಬರಲಿಲ್ಲ, ಎರಡನೇ ದಿನವೂ ಬರಲಿಲ್ಲ. ಆಮೇಲೆ ಒಂದು ದಿನ ಕಾಲೇನೋ ಹತ್ತಿತು, ಉಳಿದ ಮೈ ಕೆಳಗೇ ಉಳಿಯಿತು. ಆ ಭಂಗಿಯಲ್ಲಿ ನಿಂತಿದ್ದಾಗಲೇ ಸೊಸೆ ಆಫೀಸಿನಿಂದ ಬಂದಳು.

"ಅತ್ತೇ! ಏನಿದು?"

"ಬಸ್ಸು."

"ಯಾವ ಬಸ್ಸು?"

"ಇದೇ. ನೀನೂ ಹತ್ತು ಬೇಕಾದ್ರೆ, ಟಿಕೆಟ್ಟಿಲ್ಲ."

ಸೊಸೆ ಒಂದು ಶಾಲೆಯ ಕಚೇರಿಯಲ್ಲಿ ಗುಮಾಸ್ತೆ. ದಿನಾ ನೂರು ಜನರ ನೆಪ ಕೇಳಿ ಕೇಳಿ, ಯಾರು ನಿಜವಾಗಿ ಹಟ ಹಿಡಿದಿದ್ದಾರೆ, ಯಾರು ಸುಮ್ಮನೆ ಹೇಳುತ್ತಿದ್ದಾರೆ ಎಂದು ಮುಖ ನೋಡಿಯೇ ತಿಳಿಯುವವಳು. ಅವಳು ಬೈಯಲಿಲ್ಲ. ಬ್ಯಾಗು ಕೆಳಗಿಟ್ಟು, ಬಗ್ಗಿ ಸ್ಟೂಲನ್ನು ಅಲ್ಲಾಡಿಸಿ ನೋಡಿ, ಒಂದು ಗೋಣಿಚೀಲ ಮಡಿಸಿ ಅದರ ಕಾಲಡಿಗೆ ಇಟ್ಟಳು. "ಈಗ ಅಲುಗಲ್ಲ. ಹತ್ತಿ" ಎಂದಳು.

ಮಗನದೇ ತಕರಾರು. ಅವನು ಫ್ರಿಜ್ಜು, ವಾಷಿಂಗ್ ಮಷೀನು ರಿಪೇರಿ ಮಾಡುವವನು, ಸ್ವಂತ ವ್ಯಾನು ಇಟ್ಟಿದ್ದಾನೆ. ಸಂಗತಿ ತಿಳಿದ ಕೂಡಲೇ ತಟ್ಟೆಯ ಮುಂದಿನಿಂದ ಕೈ ಎತ್ತಿದ.

"ಅಮ್ಮಾ, ಈ ವಯಸ್ಸಲ್ಲಿ ಇದೆಲ್ಲ ಬೇಕಾ ನಿಂಗೆ?"

"ಯಾವ ವಯಸ್ಸಲ್ಲಿ ಬೇಕಾಗಿತ್ತು, ನೀನೇ ಹೇಳು. ಆಗ ನಿನ್ನ ಬಿಟ್ಟು ಹೋಗೋಕಾಗ್ಲಿಲ್ಲ. ಈಗ ನೀನು ಬಿಡ್ತಿಲ್ಲ."

"ನಾನೇ ವ್ಯಾನಲ್ಲಿ ಕರ್ಕೊಂಡು ಹೋಗ್ತೀನಿ ಅಂತ ಹೇಳಿಲ್ವಾ? ಸೀಸನ್ ಒಂದು ಮುಗೀಲಿ."

"ಬೇಸಿಗೇಲಿ ಫ್ರಿಜ್ಜು ಕೆಡುತ್ತೆ, ಮಳೆಗಾಲದಲ್ಲಿ ವಾಷಿಂಗ್ ಮಷೀನು ಕೆಡುತ್ತೆ, ಚಳೀಲಿ ಗೀಸರು ಕೆಡುತ್ತೆ. ಇದರ ಮಧ್ಯ ನಾನು ಕೆಟ್ಟುಹೋದ್ರೆ ಯಾರಪ್ಪ ರಿಪೇರಿ ಮಾಡ್ತಾರೆ?"

ಸೊಸೆ ತಲೆ ತಗ್ಗಿಸಿ ನಗು ತಡೆದುಕೊಂಡಳು. ಮಗ ಹೆಂಡತಿಯ ಕಡೆ ನೋಡಿದ, ಅಲ್ಲಿ ಬೆಂಬಲ ಸಿಗುವ ಲಕ್ಷಣ ಕಾಣಲಿಲ್ಲ.

"ದೊಡ್ಡಮ್ಮ ಬಾಗಿಲು ತೆಗಿಯಲ್ಲ ಅಂದಿದ್ದಾಳೆ. ಅಷ್ಟು ದೂರ ಹೋಗಿ ಬೀದೀಲಿ ನಿಂತ್ಕೋತೀಯಾ?"

ಈ ಮಾತು ಗುಂಡಿಯಮ್ಮನಿಗೆ ನಾಟಿತು. ಅವಳನ್ನು ರಾತ್ರಿ ನಿದ್ದೆಗೆಡಿಸುತ್ತಿದ್ದದ್ದು ಮಂಡಿಯಲ್ಲ, ಅದೇ. ಆದರೆ ಬಾಯಲ್ಲಿ ಮಾತ್ರ, "ನಿಂತ್ಕೋತೀನಿ. ಈಗ ಊಟ ಮಾಡು" ಎಂದಳು.

ಕಾಲು ಹಲಗೆಯ ಮೇಲೆ ಹತ್ತಿ, ಮೈಯೂ ಅದರ ಹಿಂದೆ ಹತ್ತುವ ಹಾಗಾದ ಮೇಲೆ ಒಂದು ಬೆಳಗ್ಗೆ ಹೊರಟಳು. ಅಕ್ಕನಿಗೆ ಹೇಳಲಿಲ್ಲ. ಹೇಳಿದರೆ ಬೇಡ ಎನ್ನುತ್ತಾಳೆ, ಬೇಡ ಎಂದ ಮೇಲೂ ಹೋದರೆ ಅದು ಇನ್ನೊಂದು ಜಗಳ. ಮಗ ಮುಖ ಗಂಟು ಹಾಕಿಕೊಂಡೇ ವ್ಯಾನಿನಲ್ಲಿ ಬಸ್ ನಿಲ್ದಾಣಕ್ಕೆ ಬಿಟ್ಟ, ಮುಖ ಗಂಟು ಹಾಕಿಕೊಂಡೇ ಕಂಡಕ್ಟರಿಗೆ ಮೂರು ಮೂರು ಸಲ ಹೇಳಿದ. ಗುಂಡಿಯಮ್ಮ ಬಾಗಿಲ ಕಂಬಿ ಹಿಡಿದು, ಹಲ್ಲು ಕಚ್ಚಿ, ಕಾಲೆತ್ತಿ ಇಟ್ಟಳು. ಹತ್ತಿತು. ತಿರುಗಿ ಮಗನ ಕಡೆ ನೋಡಿದಳು. ಅವನು ತನ್ನ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಆ ತೋಳಿನ ಗುಂಡಿ ಕಿತ್ತುಹೋಗಿತ್ತು. ಬಂದ ಮೇಲೆ ಹಾಕಬೇಕು ಎಂದುಕೊಂಡಳು.

ಒಂದು ಕಾಲಕ್ಕೆ ಕಿಟಕಿಗಾಗಿ ಅಕ್ಕನ ಜೊತೆ ಜಡೆ ಹಿಡಿದು ಜಗಳವಾಡಿದವಳು. ಮಗು ಹೆತ್ತ ಮೇಲೆ ಅದನ್ನು ಮಲಗಿಸಲು ಉದ್ದ ಸೀಟು ಬೇಕಾಯಿತು. ಈಗ ಬೇಕಾದದ್ದು ಬಾಗಿಲ ಪಕ್ಕದ ಸೀಟು, ಬೇಗ ಇಳಿಯಬಹುದಲ್ಲ ಎಂದು. ಅಲ್ಲಿ ಕೂತಳು. ಹಿಂದಿನ ಸಂಜೆಯಿಂದ ನೀರು ಕುಡಿದಿರಲಿಲ್ಲ, ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಪಕ್ಕದ ಹೆಂಗಸು ಬಾಟಲಿ ಚಾಚಿದರೆ, "ಬೇಡಮ್ಮ, ನಾನು ಕುಡಿದ್ರೆ ಬಸ್ಸೇ ನಿಲ್ಲಿಸ್ಬೇಕಾಗುತ್ತೆ" ಎಂದು ನೇರವಾಗಿಯೇ ಹೇಳಿದಳು. ಆ ಹೆಂಗಸು ಬಾಟಲಿ ಒಳಗಿಟ್ಟು, ತನ್ನ ಅತ್ತೆಯದೂ ಇದೇ ಕಥೆ ಎಂದು ಶುರುಮಾಡಿದಳು. ದಾರಿ ಸಾಗಿತು.

ನಡುದಾರಿಯ ನಿಲ್ದಾಣದಲ್ಲಿ ಇಳಿಯುವಾಗ ಬಲಮಂಡಿ ಊದಿಕೊಂಡು ಬಿಗಿದಿತ್ತು. ಹಳೇ ಬೆಂಚು ಹೋಗಿ ತೂತು ತೂತಿನ ಸ್ಟೀಲು ಕುರ್ಚಿಗಳು ಬಂದಿದ್ದವು. ಶೌಚಾಲಯಕ್ಕೆ ಹೋಗಿ ಬಂದು, ಒಂದು ಗುಟುಕು ಚಹಾ ಕುಡಿದು ಕೂತಳು. ಎಡಗಡೆ ವಾಪಸು ಊರಿಗೆ ಹೋಗುವ ಬಸ್ಸು, ಬಲಗಡೆ ಅಕ್ಕನ ಊರಿನ ಬಸ್ಸು. ಇಲ್ಲಿಂದ ಮುಂದಿನ ಮೆಟ್ಟಿಲನ್ನು ಅವಳು ಅಳೆದಿರಲಿಲ್ಲ. ನೋಡಿದರೇ ಗೊತ್ತಾಗುತ್ತಿತ್ತು, ಅದು ಇನ್ನೂ ಎತ್ತರ. ಮೈಯೆಲ್ಲ ಎಡಗಡೆಯ ಬಸ್ಸು ಹತ್ತು, ಎಡಗಡೆಯ ಬಸ್ಸು ಹತ್ತು ಎನ್ನುತ್ತಿತ್ತು. ಹೆದರಿಕೆಯೂ ಆಯಿತು, ಸುಳ್ಳೇಕೆ? ಅವಳು ಫೋನು ತೆಗೆದಳು.

"ಯಾರು?" ಎಂದಳು ಅಕ್ಕ.

"ನಾನು. ನಡುದಾರೀಲಿದ್ದೀನಿ. ನನ್ನ ಅರ್ಧ ಬಂದಾಯ್ತು."

ಆ ಕಡೆ ಮಂಚ ಕಿರುಗುಟ್ಟಿದ್ದು ಕೇಳಿಸಿತು.

"ಯಾರು ಬಾ ಅಂದಿದ್ದು ನಿನ್ನ?"

"ಯಾರೂ ಅನ್ಲಿಲ್ಲ. ಮುಂದಿನ ಬಸ್ಸು ಹತ್ತುತ್ತಿದ್ದೀನಿ."

"ಬಾಗಿಲು ತೆಗಿಯಲ್ಲ ಅಂತ ಹೇಳಿದ್ದೆ."

"ತೆಗೀಬೇಡ. ಹೊರಗೆ ಕೂತ್ಕೋತೀನಿ. ಬೀದೀಲಿ ಕೂರೋಕೆ ನಿನ್ನ ಅಪ್ಪಣೆ ಬೇಕಾಗಿಲ್ಲ ನಂಗೆ."

"ಹಟಮಾರಿ!"

"ಹೌದು. ಕಲಿಸಿದ್ದು ಯಾರು?"

ಟಕ್ಕನೆ ಫೋನು ಕಟ್ಟಾಯಿತು. ಗುಂಡಿಯಮ್ಮ ಅದನ್ನು ಬ್ಯಾಗಿಗೆ ಹಾಕಿ ಎದ್ದಳು. ಈಗ ವಾಪಸು ಹೋಗುವ ಪ್ರಶ್ನೆಯೇ ಇರಲಿಲ್ಲ, ಹೇಳಿ ಆಗಿತ್ತಲ್ಲ.

ಅಕ್ಕನ ಊರಿನ ಬಸ್ಸಿನ ಮುಂದೆ ನಿಂತು ಕಾಲೆತ್ತಿದಳು. ಬರಲಿಲ್ಲ. ಇನ್ನೊಂದು ಕಾಲೆತ್ತಿದಳು. ಅದೂ ಬರಲಿಲ್ಲ. ಹಿಂದೆ ಸಾಲು ಬೆಳೆಯಿತು, ಯಾರೋ ಲೊಚಗುಟ್ಟಿದರು. ಇದೇ ನಿಲ್ದಾಣದಲ್ಲೇ ಅಕ್ಕನನ್ನು ಇಬ್ಬರು ಗಂಡಸರು ಎತ್ತಿ ಇಳಿಸಿದ್ದು. ಅಕ್ಕನಿಗೆ ಅಂದು ಹೇಗಾಗಿರಬೇಕು ಎಂದು ಈಗ ಅರ್ಥವಾಯಿತು. ಮುಖಕ್ಕೆ ರಕ್ತ ನುಗ್ಗಿ ಕಿವಿ ಬಿಸಿಯಾಯಿತು. ಅಕ್ಕ ಈ ನಾಚಿಕೆಗೆ ಹೆದರಿ ಮನೆಯೊಳಗೆ ಕೂತಳು. ತಾನೂ ಹೆದರಿದರೆ ಇಬ್ಬರೂ ಒಂದೊಂದು ಮನೆಯಲ್ಲಿ ಕೂತು ಹಳೇ ಮುಖ ನೆನೆಸಿಕೊಳ್ಳುತ್ತ ಸಾಯುವುದೇ ಆಗುತ್ತದೆ.

ಹಿಂದೆ ತಿರುಗಿ ನೋಡಿದಳು. ದಪ್ಪಗಿನ ಒಬ್ಬ ಹೆಂಗಸು ಚೀಲ ಹಿಡಿದು ನಿಂತಿದ್ದಳು.

"ತಳ್ಳಮ್ಮ ನನ್ನ" ಎಂದಳು ಗುಂಡಿಯಮ್ಮ.

"ಅಯ್ಯೋ, ಹೇಗ್ರೀ ತಳ್ಳೋದು?"

"ಹಿಂದಿನಿಂದ. ನಾಚ್ಕೋಬೇಡ. ಬೀರು ತಳ್ಳೋ ಹಾಗೆ ತಳ್ಳು."

ಆ ಹೆಂಗಸು ಚೀಲ ಕೆಳಗಿಟ್ಟು, ಸೆರಗು ಸಿಕ್ಕಿಸಿಕೊಂಡು ತಳ್ಳಿದಳು. ಮೇಲಿನಿಂದ ಕಂಡಕ್ಟರು ಕೈ ಹಿಡಿದು ಎಳೆದ. ಗುಂಡಿಯಮ್ಮ ಬಸ್ಸಿನೊಳಗೆ ಬಿದ್ದಳೋ ಹತ್ತಿದಳೋ ಅವಳಿಗೇ ಗೊತ್ತಾಗಲಿಲ್ಲ, ಅಂತೂ ಒಳಗಿದ್ದಳು. ಇಬ್ಬರು ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ನಗಲಿ ಎಂದುಕೊಂಡು ಬಾಗಿಲ ಪಕ್ಕದ ಸೀಟು ಹುಡುಕಿ ಕೂತಳು.

ಆ ರಸ್ತೆಯಲ್ಲಿ ಅವಳು ಒಬ್ಬಳೇ ಹೋಗುತ್ತಿದ್ದದ್ದು ಅದೇ ಮೊದಲು. ಅಕ್ಕ ಪ್ರತಿ ಸಲ ಈ ತಿರುವು, ಈ ಸೇತುವೆ, ಈ ಇಟ್ಟಿಗೆ ಭಟ್ಟಿ ದಾಟಿ ತನ್ನನ್ನು ನೋಡಲು ಬರುತ್ತಿದ್ದಳು ಎಂದು ಯೋಚಿಸಿದಾಗ ಕಣ್ಣು ತುಂಬಿತು. ಇಷ್ಟು ವರ್ಷ ಅವಳು ತನ್ನ ಅರ್ಧವನ್ನೇ ದೊಡ್ಡದು ಎಂದುಕೊಂಡಿದ್ದಳು. ಈ ರಸ್ತೆ ಅದಕ್ಕಿಂತ ಕೆಟ್ಟದಾಗಿತ್ತು. ಮಂಡಿ ನೀವಿಕೊಳ್ಳುತ್ತ, ಬಾಗಿಲು ತೆಗೆಯದಿದ್ದರೆ ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಅಭ್ಯಾಸ ಮಾಡಿದಳು. ಮೊದಲು ಬೈಯುವುದು ಎಂದುಕೊಂಡಳು. ಅದಕ್ಕೂ ತೆಗೆಯದಿದ್ದರೆ ಅಳುವುದು. ಅದಕ್ಕೂ ತೆಗೆಯದಿದ್ದರೆ ಅಕ್ಕನ ಮಗಳನ್ನು ಕರೆದು ಕಿಟಕಿಯಲ್ಲಾದರೂ ಮುಖ ತೋರಿಸಿ ಬರುವುದು. ತೋರಿಸದೆ ಮಾತ್ರ ಬರುವುದಿಲ್ಲ. ಹೀಗೆ ಅಂದುಕೊಳ್ಳುತ್ತಲೇ ತೂಕಡಿಸಿದಳು.

"ಅಜ್ಜೀ, ನಿಮ್ಮ ಸ್ಟಾಪು ಬಂತು" ಎಂದು ಕಂಡಕ್ಟರು ಎಬ್ಬಿಸಿದಾಗ ಬಿಸಿಲು ಇಳಿದಿತ್ತು.

ಬಸ್ಸು ನಿಧಾನವಾಗುತ್ತಿದ್ದಂತೆ ಸ್ಟಾಪಿನಲ್ಲಿ ಇಬ್ಬರು ಹೆಂಗಸರು ಕಂಡರು. ಒಬ್ಬಳು ಪ್ಲಾಸ್ಟಿಕ್ ಕುರ್ಚಿಯೊಂದನ್ನು ಕಂಕುಳಲ್ಲಿ ಹಿಡಿದು ನಿಂತಿದ್ದಳು. ಅವಳ ಮುಂದೆ ವಾಕರು ಹಿಡಿದು ನಿಂತಿದ್ದ ಮುದುಕಿಗೆ ಕೂದಲು ಮೋಟಾಗಿ ಕತ್ತರಿಸಿತ್ತು, ಬಾಯಿ ಒಂದು ಕಡೆ ಸೊಟ್ಟಗಾಗಿತ್ತು, ರವಿಕೆ ಬೆವರಿಗೆ ಒದ್ದೆಯಾಗಿತ್ತು. ಯಾರೋ ಪಾಪ ಎಂದುಕೊಂಡಳು ಗುಂಡಿಯಮ್ಮ. ಮರುಕ್ಷಣವೇ ಗುರುತು ಹತ್ತಿತು. ಅಕ್ಕನ ಈಗಿನ ಮುಖ ಅದೇ.

ಕಂಡಕ್ಟರು ಕೈ ಹಿಡಿದು ಇಳಿಸಿದ. ಬಸ್ಸು ಹೋಯಿತು. ಇಬ್ಬರೂ ಎದುರು ಬದುರು ನಿಂತರು.

"ಚಿಕ್ಕಮ್ಮಾ, ನೀವೇ ಹೇಳಿ ಇವಳಿಗೆ" ಎಂದು ಶುರುಮಾಡಿದವಳು ಕುರ್ಚಿ ಹಿಡಿದಿದ್ದ ಅಕ್ಕನ ಮಗಳು. "ನಿಮ್ಮ ಫೋನ್ ಇಟ್ಟವಳೇ ಎದ್ದಳು. ಮಂಚದಿಂದ ಬಾಗಿಲಿಗೆ ಬರೋ ಹೊತ್ತಿಗೇ ಸುಸ್ತಾಗಿ ಹೋದ್ಲು. ಆಮೇಲೆ ಪಕ್ಕದ ಮನೆ ಗೇಟು, ಆಮೇಲೆ ದಿನಸಿ ಅಂಗಡಿ, ಆಮೇಲೆ ಆ ಲೈಟು ಕಂಬ. ಹೋದಲ್ಲೆಲ್ಲ ಕುರ್ಚಿ ಹಾಕಿದ್ದೀನಿ. ಆಟೋ ಕರೀತೀನಿ ಅಂದ್ರೆ ಬೈತಾಳೆ, ಎತ್ಕೋತೀನಿ ಅಂದ್ರೆ ವಾಕರ್ ಎತ್ತಿ ಹೊಡಿಯೋಕೆ ಬರ್ತಾಳೆ. ನನ್ನ ಅರ್ಧ ನಾನೇ ಹೋಗ್ಬೇಕು ಅಂತಾಳೆ."

ಗುಂಡಿಯಮ್ಮ ಅವಳು ತೋರಿಸಿದ ಕಡೆ ನೋಡಿದಳು. ಅಕ್ಕನ ಮನೆಯ ನೀಲಿ ಬಾಗಿಲು ಅಲ್ಲಿಂದಲೇ ಕಾಣುತ್ತಿತ್ತು. ಒಂದು ಕೂಗಿಗೆ ಕೇಳುವಷ್ಟು ಹತ್ತಿರ. ತಾನು ನಡುದಾರಿಯಿಂದ ಇಲ್ಲಿಗೆ ಬಸ್ಸಿನಲ್ಲಿ ಬರುವಷ್ಟು ಹೊತ್ತೂ ಅಕ್ಕ ಅಲ್ಲಿಂದ ಇಲ್ಲಿಗೆ ನಡೆದಿದ್ದಳು.

"ಬಾಗಿಲು ತೆಗಿಯಲ್ಲ ಅಂದಿದ್ದೆ" ಎಂದಳು ಅಕ್ಕ. ಮಾತು ಸ್ವಲ್ಪ ತೊದಲಿತು, ಜೋರು ಮಾತ್ರ ಹಾಗೇ ಇತ್ತು. "ತೆಗ್ದೆ. ಆದ್ರೆ ನೀನು ಒಳಗೆ ಬರ್ಲಿ ಅಂತಲ್ಲ. ನಾನು ಹೊರಗೆ ಬರೋಕೆ."

ಗುಂಡಿಯಮ್ಮ ಬೈಯಲು ಅಭ್ಯಾಸ ಮಾಡಿಕೊಂಡಿದ್ದದ್ದೆಲ್ಲ ಮರೆತುಹೋಯಿತು. ವಾಕರಿನ ಸಮೇತ ಅಕ್ಕನನ್ನು ತಬ್ಬಿಕೊಂಡು ನಡುಬೀದಿಯಲ್ಲಿ ಗಟ್ಟಿಯಾಗಿ ಅತ್ತಳು. ಅಕ್ಕ ಆಡುವ ಒಂದೇ ಕೈಯಿಂದ ಅವಳ ಗಲ್ಲ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ, ಹಣೆಯಿಂದ ಗದ್ದದ ತನಕ ನೋಡಿದಳು.

"ಮುದುಕಿ ಆಗಿದ್ದೀಯ" ಎಂದಳು.

"ನೀನೇನು ಕಡಿಮೆ?"

"ಸರಿ. ಈಗ ನೆನಪಿರುತ್ತೆ."

ಅಕ್ಕನ ಮಗಳು ಒಂದು ಕುರ್ಚಿ ಹಾಕಿ, ಇನ್ನೊಂದು ಕುರ್ಚಿ ತರಲು ದಿನಸಿ ಅಂಗಡಿಗೆ ಓಡಿದಳು. ಮನೆಯ ತನಕ ನಡೆಯುವ ಶಕ್ತಿ ಇಬ್ಬರಲ್ಲೂ ಇರಲಿಲ್ಲ. ಹೋಗುವವರು ಬರುವವರು ನೋಡುತ್ತಿದ್ದರು, ಇಬ್ಬರಿಗೂ ಅದರ ಪರಿವೆ ಇರಲಿಲ್ಲ. ಅಕ್ಕ ಬಹಳ ಹೊತ್ತು ಉಸಿರು ತೆಗೆದುಕೊಂಡು, ನೀಲಿ ಬಾಗಿಲಿನ ಕಡೆ ನೋಡುತ್ತ ಹೇಳಿದಳು:

"ನನ್ನ ಅರ್ಧ ಈಗ ಇಷ್ಟೇ ಕಣೇ. ಮುಂದಿನ ಸಲ ಬಾಗಿಲ ತನಕ ಬರೋಕೂ ಆಗುತ್ತೋ ಇಲ್ವೋ."

"ಆಗ್ದಿದ್ರೆ ಬಿಡು. ಮಂಚದ ತನಕ ನಾನೇ ಬರ್ತೀನಿ. ಯಾರನ್ನಾದ್ರೂ ತಳ್ಳು ಅಂತೀನಿ, ಬರ್ತೀನಿ. ನೀನು ಕಣ್ಣು ಬಿಟ್ಟು ನನ್ನ ನೋಡಿದ್ರೆ ಸಾಕು, ಅದೇ ನಿನ್ನ ಅರ್ಧ."

ಅಕ್ಕ ಇದರಲ್ಲಿ ತನಗೇನಾದರೂ ರಿಯಾಯಿತಿ ಸಿಗುತ್ತಿದೆಯೋ ಎಂದು ಅನುಮಾನದಿಂದ ಯೋಚಿಸಿದಳು.

"ನೋಡೋದಷ್ಟೇ ಅಲ್ಲ, ಬೈತೀನಿ ಕೂಡ" ಎಂದಳು ಕೊನೆಗೆ. "ಅದನ್ನೂ ಸೇರಿಸ್ಕೋ, ಇಲ್ಲಾಂದ್ರೆ ಅರ್ಧ ಆಗಲ್ಲ."